ಆಮದು ಅಗ್ಗವಾದಾಗ ಕೆಲವೇ ಊರುಗಳು ಯಾಕೆ ಸೊರಗುತ್ತವೆ?

ಹೊರದೇಶದಿಂದ ಅಗ್ಗದ ಮಾಲು ಬಂದರೆ ಲಾಭವಾ ನಷ್ಟವಾ ಅಂತ ಕೇಳಿ ನೋಡಿ, ಜನ ತಕ್ಷಣ ಎರಡು ಗುಂಪಾಗುತ್ತಾರೆ. ಬೆಲೆ ಇಳಿಯುತ್ತಲ್ಲ, ಎಲ್ಲರಿಗೂ ಒಳ್ಳೆಯದೇ ಅನ್ನುವವರು ಒಂದು ಕಡೆ. ಕಾರ್ಖಾನೆಗಳು ಮುಚ್ಚಿ ದೇಶವೇ ಹಾಳಾಗುತ್ತದೆ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಹೇಳುವುದು ಇಡೀ ದೇಶದ ಲೆಕ್ಕ, ತೊಂದರೆ ಇರುವುದೇ ಅಲ್ಲಿ. ವ್ಯಾಪಾರದ ಲಾಭ ಕೋಟ್ಯಂತರ ಮಂದಿಗೆ ಚೂರು ಚೂರಾಗಿ ಹಂಚಿಹೋಗುತ್ತದೆ, ಬಂದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ನಷ್ಟ ಮಾತ್ರ ಆ ಮಾಲನ್ನೇ ತಯಾರಿಸುತ್ತಿದ್ದ ಕೆಲವು ಊರುಗಳ ಮೇಲೆ ಒಟ್ಟಿಗೆ ಬಂದು ಬೀಳುತ್ತದೆ, ಬಿದ್ದಮೇಲೆ ಬೇಗ ಏಳುವುದೂ ಇಲ್ಲ.

ಮೊದಲು ವ್ಯಾಪಾರದಿಂದ ಎಲ್ಲರಿಗೂ ಲಾಭ ಅನ್ನುವ ಹಳೇ ವಾದ ನೋಡೋಣ, ಅದೇನೂ ಸುಮ್ನೆ ಹುಟ್ಟಿದ್ದಲ್ಲ. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಒಂದು ಲೆಕ್ಕ ಕೊಟ್ಟ. ಇಷ್ಟು ಬಟ್ಟೆ ಮಾಡಲು ಇಂಗ್ಲೆಂಡಿಗೆ ವರ್ಷಕ್ಕೆ 100 ಆಳು ಬೇಕು, ಇಷ್ಟು ವೈನ್ ಮಾಡಲು 120 ಆಳು. ಪೋರ್ಚುಗಲ್‌ಗೆ ಅದೇ ಬಟ್ಟೆಗೆ 90, ಅದೇ ವೈನ್‌ಗೆ 80 ಆಳು ಸಾಕು. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಹಾಗಿದ್ದರೂ ಪೋರ್ಚುಗಲ್ ಬರೀ ವೈನ್ ಮಾಡಿ, ಇಂಗ್ಲೆಂಡ್ ಬರೀ ಬಟ್ಟೆ ಮಾಡಿ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಲಾಭ. ಇಂಗ್ಲೆಂಡ್ 100 ಆಳಿನ ದುಡಿಮೆ ಕೊಟ್ಟು, ತಾನೇ ಮಾಡಿದ್ದರೆ 120 ಆಳು ಬೇಕಾಗುತ್ತಿದ್ದ ವೈನ್ ಪಡೆಯುತ್ತದೆ. ಪೋರ್ಚುಗಲ್ 80 ಆಳಿನ ದುಡಿಮೆಗೆ 90 ಆಳಿನ ಬಟ್ಟೆ ಪಡೆಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಇಂಗ್ಲೆಂಡಿನಲ್ಲಿ ವೈನ್ ಮಾಡುತ್ತಿದ್ದ ಆ 120 ಮಂದಿ ಏನಾದರು? ಲೆಕ್ಕದ ಪ್ರಕಾರ ಅವರು ದ್ರಾಕ್ಷಿ ಬಿಟ್ಟು ಬಟ್ಟೆ ಕೆಲಸಕ್ಕೆ ಹೋದರು, ಅಷ್ಟೇ. ಅದಕ್ಕೆ ಊರು ಬಿಡಬೇಕಾ, ಐವತ್ತು ದಾಟಿದವನಿಗೆ ಹೊಸ ಕೆಲಸ ಕಲಿಸುವವರು ಯಾರು, ಕಲಿಯುವ ತನಕ ಮನೆ ನಡೆಯುವುದು ಹೇಗೆ, ಇದ್ಯಾವುದಕ್ಕೂ ಆ ಲೆಕ್ಕದಲ್ಲಿ ಜಾಗವಿಲ್ಲ.

ಸೋಲುವವರು ಇರುತ್ತಾರೆ ಅನ್ನುವುದು ಅರ್ಥಶಾಸ್ತ್ರಕ್ಕೆ ಗೊತ್ತೇ ಇರಲಿಲ್ಲ ಅಂತಲ್ಲ. 1941ರಲ್ಲೇ ಸ್ಟಾಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಅನ್ನುವ ಇಬ್ಬರು, ದೇಶಕ್ಕೆ ಒಟ್ಟಾರೆ ಲಾಭವಾದರೂ ಒಂದು ವರ್ಗದ ಸಂಬಳ ನಿಜವಾಗಿಯೂ ಇಳಿಯಬಹುದು ಅಂತ ತೋರಿಸಿದ್ದರು. ಆದರೆ ಅಲ್ಲೂ ಕೆಲಸಗಾರ ಒಂದು ಉದ್ಯಮ ಬಿಟ್ಟು ಇನ್ನೊಂದಕ್ಕೆ, ಒಂದು ಊರು ಬಿಟ್ಟು ಇನ್ನೊಂದಕ್ಕೆ ಸಲೀಸಾಗಿ ಹೋಗುತ್ತಾನೆ ಅನ್ನುವುದೇ ನಂಬಿಕೆ. ಹೋಗುವುದಾದರೆ ಹೊಡೆತ ದೇಶದ ಎಲ್ಲಾ ಕಡೆ ತೆಳ್ಳಗೆ ಹರಡಬೇಕಲ್ವಾ? ಹಾಗಾಗಿ ಬಹಳ ವರ್ಷ ಎಲ್ಲರೂ ದೇಶದ ಸರಾಸರಿ ನೋಡಿದರು, ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ, ಸಮಾಧಾನ ಪಟ್ಟುಕೊಂಡರು.

ಆ ಸಮಾಧಾನ ಕೆಡಿಸಿದ್ದು ಚೀನಾ. 2001ರ ಡಿಸೆಂಬರ್ 11ರಂದು ಅದು ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಪ್ರಪಂಚದ ಒಟ್ಟು ಕಾರ್ಖಾನೆ ಸರಕಿನ ರಫ್ತಿನಲ್ಲಿ ಅದರ ಪಾಲು 1991ರಲ್ಲಿ ಶೇ 2ರ ಆಸುಪಾಸು ಇದ್ದದ್ದು 2013ರ ಹೊತ್ತಿಗೆ ಶೇ 19ರ ಹತ್ತಿರ ಬಂತು. ಇಷ್ಟು ದೊಡ್ಡ ದೇಶ ಇಷ್ಟು ಬೇಗ ಹೀಗೆ ನುಗ್ಗಿದ್ದನ್ನು ಅಲ್ಲಿಯ ತನಕ ಯಾರೂ ನೋಡಿರಲಿಲ್ಲ. ಇದರಲ್ಲಿ ಒಂದು ಸೂಕ್ಷ್ಮವಿದೆ. ಅಮೆರಿಕ ಆಗ ಚೀನಾ ಸರಕಿನ ಮೇಲಿನ ಸುಂಕವನ್ನು ಹೇಳಿಕೊಳ್ಳುವಷ್ಟು ಇಳಿಸಲೇ ಇಲ್ಲ. ಮೊದಲಿನಿಂದಲೂ ಕಡಿಮೆ ಸುಂಕವೇ ಇತ್ತು, ಆದರೆ ಅದನ್ನು ವರ್ಷ ವರ್ಷ ಮುಂದುವರಿಸಬೇಕಿತ್ತು, ಯಾವ ವರ್ಷವಾದರೂ ನಿಂತುಹೋಗಬಹುದಿತ್ತು. 2000ದಲ್ಲಿ ಕಾನೂನು ಮಾಡಿ ಅದನ್ನು ಕಾಯಂ ಮಾಡಿದರು. ಮುಂದಿನ ವರ್ಷ ಸುಂಕ ಏರಿಬಿಟ್ಟರೆ ಅನ್ನುವ ಹೆದರಿಕೆ ಹೋಯಿತು, ಅದರ ಜೊತೆಗೇ ಅಲ್ಲೇ ಕಾರ್ಖಾನೆ ಕಟ್ಟೋಣ, ಅಲ್ಲಿಂದಲೇ ಮಾಲು ತರಿಸೋಣ ಅನ್ನುವ ಧೈರ್ಯ ಕಂಪನಿಗಳಿಗೆ ಬಂತು. ಸುಂಕದ ದರಕ್ಕಿಂತ ಅದರ ಖಾತ್ರಿ ಜಾಸ್ತಿ ಕೆಲಸ ಮಾಡಿತು.

ಅಮೆರಿಕದ ಕಾರ್ಖಾನೆಗಳಲ್ಲಿ 2000ದಲ್ಲಿ ಸುಮಾರು 1.7 ಕೋಟಿ ಜನ ಕೆಲಸದಲ್ಲಿದ್ದರು. 2010ಕ್ಕೆ ಅದು 1.15 ಕೋಟಿಯ ಹತ್ತಿರಕ್ಕೆ ಇಳಿಯಿತು. ಇಷ್ಟನ್ನೂ ಚೀನಾದ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ, ಯಂತ್ರಗಳಿದ್ದವು, 2008ರ ಆರ್ಥಿಕ ಕುಸಿತವಿತ್ತು. ಹಾಗಾದರೆ ವ್ಯಾಪಾರದ ಪಾಲನ್ನು ಬೇರೆ ಮಾಡುವುದು ಹೇಗೆ? ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೇಶದ ಸರಾಸರಿಯನ್ನು ಪಕ್ಕಕ್ಕಿಟ್ಟರು. ಅಮೆರಿಕವನ್ನು 722 ತುಂಡು ಮಾಡಿಕೊಂಡರು. ಒಂದೊಂದು ತುಂಡೂ ಜನ ಮನೆಯಿಂದ ಕೆಲಸಕ್ಕೆ ಹೋಗಿಬರುವ ಒಂದು ವಲಯ. ಯಾವ ವಲಯದಲ್ಲಿ ಮೊದಲಿಂದ ಏನು ತಯಾರಾಗುತ್ತಿತ್ತು ಅಂತ ನೋಡಿದರು. ಪೀಠೋಪಕರಣ, ಆಟಿಕೆ, ಬಟ್ಟೆಬರೆ ಮಾಡುವ ಕಡೆ ಚೀನಾದ ಪೈಪೋಟಿ ಜೋರು. ಬೇರೇನೋ ಮಾಡುವ ಪಕ್ಕದ ವಲಯಕ್ಕೆ ಅದು ತಟ್ಟಿಯೇ ಇಲ್ಲ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರು.

ಚಾಣಾಕ್ಷ ಓದುಗರು ಇಲ್ಲೇ ತಡೆಯುತ್ತಾರೆ. ಅಮೆರಿಕದ ಆ ಉದ್ಯಮ ಮೊದಲೇ ಸೊರಗಿ, ಅದರಿಂದಾಗಿಯೇ ಆಮದು ಜಾಸ್ತಿ ಆಗಿದ್ದರೆ? ಅದನ್ನು ತಪ್ಪಿಸಲು ಅವರು ಅದೇ ಸರಕು ಬೇರೆ ಎಂಟು ಶ್ರೀಮಂತ ದೇಶಗಳಿಗೆ ಚೀನಾದಿಂದ ಎಷ್ಟು ಹೋಯಿತು ಅಂತ ನೋಡಿದರು. ಎಲ್ಲಾ ಕಡೆ ಒಟ್ಟಿಗೆ ಏರಿದ್ದರೆ ಕಾರಣ ಚೀನಾದ ಬಲ, ಅಮೆರಿಕದ ಒಳಗಿನ ಸಮಸ್ಯೆ ಅಲ್ಲ. ಈ ಜರಡಿಯಲ್ಲಿ ಸೋಸಿದ ಮೇಲೆ ಉಳಿದದ್ದು: 1990ರಿಂದ 2007ರವರೆಗೆ ಕಾರ್ಖಾನೆ ಉದ್ಯೋಗದ ಕುಸಿತದಲ್ಲಿ ಸುಮಾರು ಕಾಲು ಭಾಗ ಚೀನಾದ ಆಮದಿನಿಂದ. ಮುಕ್ಕಾಲು ಭಾಗಕ್ಕೆ ಬೇರೆ ಕಾರಣಗಳು ಅಂತಲೂ ಇದನ್ನು ಓದಬಹುದು, ಓದಬೇಕು ಕೂಡ. ಆದರೆ ಆ ಕಾಲು ಭಾಗ ಬಿದ್ದದ್ದು ಎಲ್ಲಿ ಅನ್ನುವುದೇ ಮುಖ್ಯ ವಿಷಯ.

ಒಂದು ಊರನ್ನು ಹತ್ತಿರದಿಂದ ನೋಡೋಣ. ಉತ್ತರ ಕೆರೊಲಿನಾದ ಕನಾಪೊಲಿಸ್. 1906ರಲ್ಲಿ ಕ್ಯಾನನ್ ಅನ್ನುವ ಮಿಲ್ ಮಾಲೀಕ ಕಟ್ಟಿಸಿದ ಊರು, ಟವೆಲು ಮತ್ತು ಹಾಸಿಗೆ ಬಟ್ಟೆಗೆ ಹೆಸರುವಾಸಿ. ಕಂಪನಿಯ ಮಿಲ್, ಕಂಪನಿಯ ಮನೆಗಳು. ಅಧಿಕೃತವಾಗಿ ನಗರ ಅಂತ ಆದದ್ದೇ 1984ರಲ್ಲಿ. 2003ರ ಜುಲೈ 30ರಂದು, ಅಷ್ಟರಲ್ಲಿ ಮಿಲ್‌ಗಳ ಒಡೆತನ ಹಿಡಿದಿದ್ದ ಪಿಲ್ಲೊಟೆಕ್ಸ್ ಕಂಪನಿ ಬಾಗಿಲು ಹಾಕಿತು. ಆ ರಾಜ್ಯದಲ್ಲೇ 4,000ಕ್ಕೂ ಜಾಸ್ತಿ ಜನ ಒಂದೇ ಸಲಕ್ಕೆ ಕೆಲಸ ಕಳೆದುಕೊಂಡರು. ಅಗ್ಗದ ಆಮದೊಂದೇ ಕಾರಣವಲ್ಲ, ಕಂಪನಿ ಸಾಲದಲ್ಲೂ ಮುಳುಗಿತ್ತು, 2000ದಲ್ಲೇ ಒಮ್ಮೆ ದಿವಾಳಿ ಅರ್ಜಿ ಹಾಕಿತ್ತು. ಆದರೆ ಸಾಲ ತೀರಿಸುವಷ್ಟು ಲಾಭ ಟವೆಲಿನಲ್ಲಿ ಹುಟ್ಟದಂತೆ ಮಾಡಿದ್ದು ಪೈಪೋಟಿ. ಕೆಲಸ ಹೋದವರಲ್ಲಿ ಹಲವರು ಹೈಸ್ಕೂಲೂ ಮುಗಿಸಿರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ, ಅಪ್ಪ ಅಮ್ಮ ಮಿಲ್‌ನಲ್ಲಿದ್ದರು, ಮಕ್ಕಳೂ ಮಿಲ್‌ಗೆ ಹೋದರು. ಆಮೇಲೆ ಮಿಲ್ ಕೆಡವಿ ಅದೇ ಜಾಗದಲ್ಲಿ ಜೈವಿಕ ತಂತ್ರಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು. ಊರಿಗೆ ಹೊಸ ಕೆಲಸ ಬಂತು ಅಂತ ಹೇಳಬಹುದು. ಮೂವತ್ತು ವರ್ಷ ಟವೆಲಿನ ಅಂಚು ಹೊಲಿದವರಿಗೆ ಪ್ರಯೋಗಾಲಯದಲ್ಲಿ ಏನು ಕೆಲಸ ಕೊಡುತ್ತಾರೆ?

ಹೊಡೆತ ಕಾರ್ಖಾನೆಯ ಗೇಟಿನ ಹತ್ತಿರ ನಿಲ್ಲುವುದಿಲ್ಲ. ಸಂಬಳ ನಿಂತ ಮನೆಯವರು ಹೋಟೆಲಿಗೆ ಹೋಗುವುದಿಲ್ಲ, ಹೊಸ ಕಾರು ತೆಗೆದುಕೊಳ್ಳುವುದಿಲ್ಲ, ಕೂದಲು ಕತ್ತರಿಸಿಕೊಳ್ಳುವುದನ್ನೂ ಮುಂದಕ್ಕೆ ಹಾಕುತ್ತಾರೆ. ಜೊತೆಗೆ ಕೆಲಸ ಕಳೆದುಕೊಂಡವರೇ ಆ ಹೋಟೆಲು, ಅಂಗಡಿಗಳಲ್ಲಿ ಕೆಲಸ ಕೇಳಿಕೊಂಡು ಬರುತ್ತಾರೆ. ಗಿರಾಕಿ ಕಡಿಮೆ, ಕೆಲಸ ಕೇಳುವವರು ಜಾಸ್ತಿ. ಸಂಬಳ ಏರುವುದು ಎಲ್ಲಿಂದ ಬಂತು? ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ 1994ರಲ್ಲಿ ಜಾರಿಗೆ ಬಂದ ನಾಫ್ಟಾ ಒಪ್ಪಂದದ ಬಗ್ಗೆ ಶುಷಾನಿಕ್ ಹಕೋಬ್ಯಾನ್ ಮತ್ತು ಜಾನ್ ಮೆಕ್ಲಾರೆನ್ ಮಾಡಿದ ಅಧ್ಯಯನದಲ್ಲಿ ಇದೇ ಕಂಡಿತು. ಏಟು ತಿಂದ ಊರುಗಳಲ್ಲಿ ಆಮದಿಗೂ ತಮಗೂ ಸಂಬಂಧವೇ ಇಲ್ಲದ ಸೇವಾ ಕೆಲಸಗಾರರ ಸಂಬಳದ ಏರಿಕೆಯೂ ಕುಂಟಿತ್ತು. ಮನೆಗಳ ಬೆಲೆ ಇಳಿದರೆ ಮನೆ ತೆರಿಗೆ ಇಳಿಯುತ್ತದೆ, ಅಮೆರಿಕದಲ್ಲಿ ಸರ್ಕಾರಿ ಶಾಲೆಗಳಿಗೆ ಬಹಳಷ್ಟು ದುಡ್ಡು ಬರುವುದು ಅದರಿಂದಲೇ. ಕೆಲಸ ಹೋದವರ ಮಕ್ಕಳ ಶಾಲೆಗೂ ಅದೇ ಹೊತ್ತಿಗೆ ಕತ್ತರಿ ಬೀಳುತ್ತದೆ.

"ಸರಿ, ಬೇರೆ ಊರಿಗೆ ಹೋಗಬಹುದಲ್ಲ?" ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವವರು ಓದಿ, ಊರು ಬಿಟ್ಟು, ಬೇರೆ ಕಡೆ ನೆಲೆಯಾದವರು. ಅಂಥವರು ಹೋಗುತ್ತಾರೆ, ನಿಜ. ಉಳಿದವರ ಕಥೆ ಬೇರೆ. ಕೈಯಲ್ಲಿರುವ ಒಂದೇ ಆಸ್ತಿ ಮನೆ. ಅದನ್ನು ಮಾರಬೇಕು ಅನ್ನುವ ಹೊತ್ತಿಗೇ ಅದರ ಬೆಲೆ ಬಿದ್ದಿರುತ್ತದೆ, ಕೆಲಸ ಸಿಗುವ ನಗರದಲ್ಲಿ ಬಾಡಿಗೆ ಗಗನದಲ್ಲಿರುತ್ತದೆ. ವಯಸ್ಸಾದ ತಾಯಿ ಇರುತ್ತಾರೆ, ಗಂಡ ಹೆಂಡತಿಯಲ್ಲಿ ಒಬ್ಬರ ಕೆಲಸ ಉಳಿದಿರುತ್ತದೆ, ಕಷ್ಟಕ್ಕೆ ಆಗುವ ನೆಂಟರು ಅಲ್ಲೇ ಇರುತ್ತಾರೆ. ಆಟರ್, ಡಾರ್ನ್, ಹ್ಯಾನ್ಸನ್ ಮೂವರ ಅಧ್ಯಯನದಲ್ಲಿ ಏಟು ತಿಂದ ವಲಯಗಳ ಜನಸಂಖ್ಯೆ ಹೆಚ್ಚೇನೂ ಬದಲಾಗಲಿಲ್ಲ. ಜನ ಉಳಿದರು, ಕೆಲಸ ಹೋಯಿತು.

2014ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ ಕೆಲಸಗಾರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ದಾಖಲೆಗಳನ್ನು ನೋಡಿದರು. ನನಗೆ ಇಡೀ ವಿಷಯದಲ್ಲಿ ಬಹಳ ಕಾಡಿದ್ದು ಇದರ ಫಲಿತಾಂಶ. ಒಳ್ಳೆ ಸಂಬಳದವರು ಬೇಗ ಕಂಪನಿ ಬಿಟ್ಟರು, ಎಷ್ಟೋ ಮಂದಿ ಆ ಉದ್ಯಮವನ್ನೇ ಬಿಟ್ಟರು, ದೊಡ್ಡ ನಷ್ಟವಾಗಲಿಲ್ಲ. ಕಡಿಮೆ ಸಂಬಳದವರು ಒಂದು ಕಾರ್ಖಾನೆಯಲ್ಲಿ ಕೆಲಸ ಹೋದಮೇಲೆ ಅಂಥದ್ದೇ ಇನ್ನೊಂದಕ್ಕೆ ಸೇರಿದರು, ಗೊತ್ತಿದ್ದ ಕೆಲಸ ಅದೊಂದೇ ಆಗಿತ್ತಲ್ಲ. ಆಮದು ಅದನ್ನೂ ಹುಡುಕಿಕೊಂಡು ಬಂತು. ಒಂದೇ ಏಟನ್ನು ಒಬ್ಬರೇ ಎರಡೆರಡು ಸಲ ತಿಂದರು.

ಇನ್ನು ಸಂಬಳದ ಅಂಕಿಅಂಶ ನೋಡುವಾಗ ಸ್ವಲ್ಪ ಎಚ್ಚರ ಬೇಕು. ಪೈಪೋಟಿ ಬಿದ್ದ ಕಡೆ ಕಾರ್ಖಾನೆಯ ಸರಾಸರಿ ಸಂಬಳ ಇಳಿಯದೆ ಇರಬಹುದು. ನೋಡಿ, ಏನೂ ಆಗಿಲ್ಲ ಅಂತ ಅದನ್ನೇ ತೋರಿಸುವವರಿದ್ದಾರೆ. ಆದರೆ ಮೊದಲು ಮನೆಗೆ ಕಳಿಸುವುದು ಕಡಿಮೆ ಸಂಬಳದವರನ್ನೇ ಆದರೆ, ಉಳಿದವರ ಸರಾಸರಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಕೆಲಸ ಕಳೆದುಕೊಂಡವರು ಸರಾಸರಿಯಿಂದಲೂ ಹೊರಗೆ ಬಿದ್ದಿರುತ್ತಾರೆ.

ಯಂತ್ರದ ಏಟು ಮತ್ತು ಆಮದಿನ ಏಟು ಒಂದೇ ತರ ಅಂತ ಅನಿಸಬಹುದು, ಇಲ್ಲ. ಕಂಪ್ಯೂಟರ್ ಬಂದಾಗ ಕೆಲವು ಬಗೆಯ ಕೆಲಸ ಎಲ್ಲಾ ಊರಿನಲ್ಲೂ ಸ್ವಲ್ಪ ಸ್ವಲ್ಪ ಕರಗಿತು, ಪಕ್ಕದಲ್ಲೇ ಬೇರೆ ಕೆಲಸ ಹುಟ್ಟಿತು. ಆಮದು ಒಂದು ಉದ್ಯಮವನ್ನೇ ಎತ್ತಿಕೊಂಡು ಹೋಗುತ್ತದೆ, ಆ ಉದ್ಯಮ ಒಂದೇ ಕಡೆ ಗುಂಪುಗೂಡಿದ್ದರೆ ಊರಿನಲ್ಲಿ ಹಿಡಿದುಕೊಳ್ಳಲು ಬೇರೆ ಕೊಂಬೆಯೇ ಇರುವುದಿಲ್ಲ.

ಇದು ಅಮೆರಿಕದ ಕಥೆ ಮಾತ್ರವಾ? ಬ್ರೆಜಿಲ್ 1990ರಿಂದ 1995ರ ನಡುವೆ ಸುಂಕಗಳನ್ನು ಬಹಳ ಇಳಿಸಿತು. ರಫಾಯೆಲ್ ಡೀಸ್ ಕಾರ್ನೇರೊ ಮತ್ತು ಬ್ರಯಾನ್ ಕೊವಾಕ್ ಅಲ್ಲಿನ ಪ್ರದೇಶಗಳನ್ನು ಇಪ್ಪತ್ತು ವರ್ಷದ ದಾಖಲೆ ಇಟ್ಟುಕೊಂಡು ನೋಡಿದರು. ಕಾಲ ಕಳೆದಂತೆ ಗಾಯ ಮಾಯಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಏಟು ತಿಂದ ಪ್ರದೇಶಗಳಲ್ಲಿ ಸಂಬಳದ ಮೇಲಿನ ಪರಿಣಾಮ ಹತ್ತು ವರ್ಷಕ್ಕೆ ಎಷ್ಟಿತ್ತೋ ಇಪ್ಪತ್ತು ವರ್ಷಕ್ಕೆ ಅದರ ಮೂರು ಪಟ್ಟಾಗಿತ್ತು. ಕಾರಣ ಯೋಚಿಸಿದರೆ ಹೊಳೆಯುತ್ತದೆ. ಕಾರ್ಖಾನೆ ಒಂದೇ ದಿನ ಮುಚ್ಚುವುದು ಅಪರೂಪ. ಮೊದಲು ಹೊಸ ಯಂತ್ರ ತರುವುದು ನಿಲ್ಲುತ್ತದೆ, ಹಳೆಯದನ್ನೇ ಸವೆಸುತ್ತಾರೆ. ಬಿಡಿಭಾಗ ಕೊಡುತ್ತಿದ್ದವನು ಜಾಗ ಖಾಲಿ ಮಾಡುತ್ತಾನೆ. ಅವನಿಲ್ಲದೆ ಇನ್ನೊಂದು ಕಾರ್ಖಾನೆಗೆ ಕಷ್ಟವಾಗುತ್ತದೆ. ಹೊಸ ಬಂಡವಾಳ ಹಾಕಲು ಬರುವವರು ಇದನ್ನೆಲ್ಲ ನೋಡಿ ಬೇರೆ ಕಡೆ ಹೋಗುತ್ತಾರೆ.

ಭಾರತದಲ್ಲೂ ಇದಕ್ಕೆ ಸಾಕ್ಷಿಯಿದೆ. 1990ರಲ್ಲಿ ಸರಾಸರಿ ಶೇ 80ಕ್ಕೂ ಮೇಲಿದ್ದ ಸುಂಕ 1996ರ ಹೊತ್ತಿಗೆ ಶೇ 37ರ ಸುತ್ತಮುತ್ತ ಬಂತು. ಪೆಟಿಯಾ ಟೊಪಲೋವಾ ಜಿಲ್ಲೆ ಜಿಲ್ಲೆಗಳನ್ನು ಹೋಲಿಸಿ ನೋಡಿದಾಗ, ಸುಂಕ ಇಳಿಕೆಗೆ ಜಾಸ್ತಿ ತೆರೆದುಕೊಂಡ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಬೇರೆ ಕಡೆಗಿಂತ ನಿಧಾನವಾಗಿ ಇಳಿದಿತ್ತು. ಇದನ್ನು ಸುಧಾರಣೆಯಿಂದ ಬಡತನ ಹೆಚ್ಚಿತು ಅಂತ ಓದಬಾರದು. ದೇಶದಲ್ಲಿ ಬಡತನ ಇಳಿಯುತ್ತಲೇ ಇತ್ತು, ಆ ಇಳಿಕೆಯಲ್ಲಿ ಈ ಜಿಲ್ಲೆಗಳು ಹಿಂದೆ ಬಿದ್ದವು. ಇಲ್ಲೂ ಕೆಲಸಕ್ಕಾಗಿ ಜಿಲ್ಲೆ ಬಿಟ್ಟು ಹೋದವರು ತೀರಾ ಕಡಿಮೆ.

ಜರ್ಮನಿ ಬೇರೆ ಮುಖ ತೋರಿಸುತ್ತದೆ. ಪೂರ್ವ ಯುರೋಪ್ ಮತ್ತು ಚೀನಾ ಎರಡೂ ಅದಕ್ಕೆ ಮಾಲು ಮಾರಿದವು, ಹಾಗೆಯೇ ಅದರಿಂದ ಕಾರು, ಯಂತ್ರಗಳನ್ನು ಕೊಂಡವು. ಒಟ್ಟು ಲೆಕ್ಕದಲ್ಲಿ ಅಲ್ಲಿ ಕಾರ್ಖಾನೆ ಉದ್ಯೋಗ ಉಳಿಯಿತು. ಆದರೆ ಅಲ್ಲೂ ಆಮದಿನ ಜೊತೆ ಪೈಪೋಟಿ ಮಾಡಬೇಕಿದ್ದ ಪ್ರದೇಶಗಳು ಕಳೆದುಕೊಂಡವು, ಗಳಿಸಿದ ಪ್ರದೇಶಗಳು ಬೇರೆ.

ಇಂಥ ಬರಹಗಳಲ್ಲಿ ಬಿಟ್ಟುಹೋಗುವ ಇನ್ನೊಂದು ತುದಿಯೂ ಇದೆ, ಮಾಲು ತಯಾರಿಸಿ ಕಳಿಸುವ ದೇಶಗಳದ್ದು. ಬಟ್ಟೆ ಆಮದಿಗೆ ಶ್ರೀಮಂತ ದೇಶಗಳು 1974ರಿಂದ ಹಾಕಿಕೊಂಡು ಬಂದಿದ್ದ ಕೋಟಾ, ಅಂದರೆ ಇಷ್ಟೇ ಬರಬಹುದು ಅನ್ನುವ ಮಿತಿ, 2005ರ ಜನವರಿ 1ಕ್ಕೆ ಕೊನೆಯಾಯಿತು. ಬಾಂಗ್ಲಾದೇಶದ ಗಾರ್ಮೆಂಟ್ಸ್‌ನಲ್ಲಿ ಇವತ್ತು ಸುಮಾರು 40 ಲಕ್ಷ ಜನ ಇದ್ದಾರೆ, ಹೆಚ್ಚಿನವರು ಹೆಂಗಸರು. ಗಾರ್ಮೆಂಟ್ಸ್ ಹತ್ತಿರವಿರುವ ಹಳ್ಳಿಗಳಲ್ಲಿ ಹುಡುಗಿಯರು ಜಾಸ್ತಿ ವರ್ಷ ಓದಿದರು, ಮದುವೆ ತಡವಾಯಿತು ಅಂತ ಅಧ್ಯಯನ ತೋರಿಸಿದೆ. ಅದೇ ಕಾರ್ಖಾನೆಗಳ ಕಟ್ಟಡ ಕುಸಿದು, 2013ರ ರಾಣಾ ಪ್ಲಾಜಾ ದುರಂತದಲ್ಲಿ 1,100ಕ್ಕೂ ಹೆಚ್ಚು ಮಂದಿ ಸತ್ತರು ಅನ್ನುವುದನ್ನೂ ಇದರ ಜೊತೆಗೇ ಇಡಬೇಕು.

ಸರಿ, ಸುಂಕ ಹಾಕಿ ಆಮದು ತಡೆದರೆ ಹೋದ ಕೆಲಸ ವಾಪಸ್ ಬರುವುದಿಲ್ಲವಾ? ವಾಷಿಂಗ್ ಮೆಷಿನ್ನಿನ ಕಥೆ ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತದೆ. ಅಮೆರಿಕ ಮೊದಲು ಕೊರಿಯಾ ಮತ್ತು ಮೆಕ್ಸಿಕೊದಿಂದ ಬರುವ ಮೆಷಿನ್‌ಗಳ ಮೇಲೆ ಸುಂಕ ಹಾಕಿತು. ತಯಾರಿಕೆ ಚೀನಾಕ್ಕೆ ಹೋಯಿತು. ಚೀನಾದ ಮೇಲೆ ಹಾಕಿತು, ಥಾಯ್ಲೆಂಡ್, ವಿಯೆಟ್ನಾಂಗೆ ಹೋಯಿತು. ಬೇಸತ್ತು 2018ರಲ್ಲಿ ಹೆಚ್ಚುಕಡಿಮೆ ಎಲ್ಲಾ ದೇಶಗಳ ಮೇಲೂ ಹಾಕಿದರು. ಆಗ ಸ್ಯಾಮ್‌ಸಂಗ್ ದಕ್ಷಿಣ ಕೆರೊಲಿನಾದಲ್ಲಿ, ಎಲ್‌ಜಿ ಟೆನೆಸಿಯಲ್ಲಿ ಕಾರ್ಖಾನೆ ನಡೆಸಿದವು. ಗೆದ್ದರು ಅಂತ ಅನಿಸುತ್ತದೆ. ಆದರೆ ಮೆಷಿನ್ನಿನ ಬೆಲೆ ಸುಮಾರು ಶೇ 12 ಏರಿತು. ತಮಾಷೆ ಅಂದರೆ ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ ಏರಿತು, ಅದರ ಮೇಲೆ ಈ ಸುಂಕ ಇರಲೇ ಇಲ್ಲ! ಅಲ್ಲಿನ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ಕಂಪನಿಗಳು ಬೆಲೆಯನ್ನು ಎರಡರ ಮೇಲೂ ಹಂಚಿದವು. ಹುಟ್ಟಿದ ಕೆಲಸ ಸುಮಾರು 1,800. ಕೊಳ್ಳುವವರ ಜೇಬಿನಿಂದ ಹೋದ ದುಡ್ಡನ್ನು ಭಾಗಿಸಿದರೆ ಒಂದೊಂದು ಕೆಲಸಕ್ಕೆ ವರ್ಷಕ್ಕೆ ಸುಮಾರು 8,15,000 ಡಾಲರ್. ಅಷ್ಟು ದುಡ್ಡಿನಲ್ಲಿ ಎಷ್ಟು ಮಂದಿಗೆ ಸಂಬಳ ಕೊಡಬಹುದಿತ್ತು, ಯೋಚಿಸಿ. ಆ ಹೊಸ ಕೆಲಸ ಬಂದದ್ದೂ ಹಿಂದೆ ಕಳೆದುಕೊಂಡವರ ಮನೆ ಬಾಗಿಲಿಗೆ ಅಂತೇನಲ್ಲ.

ಅದೇ ವರ್ಷ ಉಕ್ಕಿನ ಮೇಲೆ ಶೇ 25 ಸುಂಕ ಬಂತು. ಉಕ್ಕು ತಯಾರಿಸುವವರಿಗಿಂತ ಉಕ್ಕು ಬಳಸುವ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಎಷ್ಟೋ ಪಟ್ಟು ಜಾಸ್ತಿ. ಅವರ ಕಚ್ಚಾಮಾಲು ದುಬಾರಿಯಾಯಿತು. ಚೀನಾ ತಿರುಗಿ ಸೋಯಾಬೀನ್ ಮೇಲೆ ಸುಂಕ ಹಾಕಿ ರೈತರಿಗೂ ಬಿಸಿ ಮುಟ್ಟಿಸಿತು.

2025ರಲ್ಲಿ ಆಟರ್ ಮತ್ತು ಜೊತೆಗಾರರು ಆ ಹಳೇ ವಲಯಗಳಿಗೆ ಮತ್ತೆ ಬಂದರು. 2010ರ ನಂತರ ಅಲ್ಲಿ ಉದ್ಯೋಗ ಚೇತರಿಸಿಕೊಂಡಿತ್ತು. ಆದರೆ ಆಸ್ಪತ್ರೆ, ಶಾಲೆ, ಅಂಗಡಿಗಳಲ್ಲಿ ಬಂದ ಆ ಕೆಲಸಗಳಿಗೆ ಸೇರಿದವರು ಹೆಚ್ಚಾಗಿ ಕಿರಿಯರು, ಹೆಂಗಸರು, ಓದಿದವರು, ಹೊರದೇಶದಲ್ಲಿ ಹುಟ್ಟಿದವರು. ಕಾರ್ಖಾನೆ ಕೆಲಸ ಕಳೆದುಕೊಂಡವರು ಅದರಲ್ಲಿ ಹೆಚ್ಚಾಗಿ ಇರಲಿಲ್ಲ. ಅಂಕಿಅಂಶದಲ್ಲಿ ಊರು ಎದ್ದು ನಿಂತಿದೆ, ಬಿದ್ದವರು ಬಿದ್ದಲ್ಲೇ ಇದ್ದಾರೆ.

ಹಾಗಾಗಿ ಸುಂಕಕ್ಕಿಂತ ನೇರವಾಗಿ ಆ ಜನರ ಕೈ ಹಿಡಿಯುವುದೇ ಮೇಲು ಅಂತ ನನಗೆ ಅನಿಸುತ್ತದೆ. ಅಮೆರಿಕದಲ್ಲಿ 1962ರಿಂದಲೇ ಅದಕ್ಕೊಂದು ಯೋಜನೆ ಇತ್ತು, ಆಮದಿನಿಂದ ಕೆಲಸ ಹೋಯಿತು ಅಂತ ಸಾಬೀತು ಮಾಡಿದವರಿಗೆ ತರಬೇತಿ, ಭತ್ಯೆ. ಪಾಪ, ಅದು ತಲುಪಿದ್ದು ಬಹಳ ಕಡಿಮೆ ಮಂದಿಗೆ. ಪೈಪೋಟಿಗೆ ಸಿಕ್ಕ ವಲಯಗಳಲ್ಲಿ ಸರ್ಕಾರದ ದುಡ್ಡು ಅದಕ್ಕಿಂತ ಎಷ್ಟೋ ಪಟ್ಟು ಹರಿದದ್ದು ಅಂಗವೈಕಲ್ಯ ಭತ್ಯೆಯ ಮೂಲಕ. ಆ ಭತ್ಯೆಗೆ ಸೇರಿದವರು ಮತ್ತೆ ಕೆಲಸಕ್ಕೆ ಬರುವುದು ಅಪರೂಪ.

ಅದೇ ಯೋಜನೆಯ ಒಳಗೆ ಹೆಚ್ಚು ಸದ್ದು ಮಾಡದ ಒಂದು ಭಾಗವಿತ್ತು, ಸಂಬಳ ವಿಮೆ. ಐವತ್ತು ದಾಟಿದವರು ಕಡಿಮೆ ಸಂಬಳದ ಹೊಸ ಕೆಲಸಕ್ಕೆ ಸೇರಿದರೆ, ಹಳೇ ಸಂಬಳಕ್ಕೂ ಹೊಸ ಸಂಬಳಕ್ಕೂ ಇರುವ ವ್ಯತ್ಯಾಸದಲ್ಲಿ ಅರ್ಧದವರೆಗೆ ಸರ್ಕಾರ ಕೊಡುತ್ತಿತ್ತು, ಎರಡು ವರ್ಷದಲ್ಲಿ ಹೆಚ್ಚೆಂದರೆ 10,000 ಡಾಲರ್. ಸಂಬಳ ಕಡಿಮೆ ಅಂತ ಮನೆಯಲ್ಲೇ ಕೂರುವ ಬದಲು ಜನ ಬೇಗ ಕೆಲಸ ಹಿಡಿದರು, ನಿರುದ್ಯೋಗ ಭತ್ಯೆ ಅಷ್ಟರಮಟ್ಟಿಗೆ ಉಳಿಯಿತು, ಅದರಲ್ಲೇ ಯೋಜನೆಯ ಖರ್ಚು ಹುಟ್ಟಿಬಿಡುತ್ತದೆ ಅಂತ ಇದನ್ನು ಅಧ್ಯಯನ ಮಾಡಿದವರು ಕಂಡುಕೊಂಡರು. 2022ರ ಜುಲೈ 1ಕ್ಕೆ ಇಡೀ ಯೋಜನೆಯ ಅವಧಿ ಮುಗಿಯಿತು. ಸಂಸತ್ತು ಅದನ್ನು ಮುಂದುವರಿಸಲಿಲ್ಲ, ಹೊಸ ಅರ್ಜಿಗಳಿಗೆ ಮಂಜೂರಾತಿ ಕೊಡುವುದು ಅಲ್ಲಿಗೇ ನಿಂತಿತು.